ಕಳ್ಳನ ಕೈ, ಕಳೆದುಕೊಂಡವಳ ಮುಖ

ನಮ್ಮ ಪ್ರವಾಸ ಕಥನಗಳಲ್ಲಿ ಬರೆದವರು ಯಾರೂ ಮೋಸ ಹೋಗುವುದಿಲ್ಲ. ವಿಮಾನ ತಡವಾಗುತ್ತದೆ, ಊಟಕ್ಕೆ ಅನ್ನ ಸಿಗುವುದಿಲ್ಲ, ಚಳಿಗೆ ಮೂಗು ಕೆಂಪಾಗುತ್ತದೆ. ಲೇಖಕಿಯ ಪರ್ಸು ಮಾತ್ರ ಭದ್ರವಾಗಿ ಮನೆಗೆ ಮರಳುತ್ತದೆ. ಮೋಸ ಹೋದವರು ಯಾವಾಗಲೂ ‘ನಮ್ಮ ಜೊತೆಗಿದ್ದ ಒಬ್ಬಾಕೆ’. ಆ ಒಬ್ಬಾಕೆ ತನ್ನ ಕಥೆಯನ್ನು ತಾನೇ ಏಕೆ ಬರೆಯುವುದಿಲ್ಲ ಎಂದು ನಾನು ಯೋಚಿಸಿದ್ದುಂಟು. ಉತ್ತರ ಸಿಕ್ಕಿದ್ದು ಒಂದು ಹಳೆಯ ಕಪ್ಪು ಬಿಳುಪು ಸಿನಿಮಾದಲ್ಲಿ.

ಫ್ರಾನ್ಸಿನ ರೊಬೇರ್ ಬ್ರೆಸೋ ನಿರ್ದೇಶಿಸಿದ ‘ಪಿಕ್‌ಪಾಕೆಟ್’ 1959ರ ಚಿತ್ರ. ನಡೆಯುವುದು ಪ್ಯಾರಿಸ್ಸಿನಲ್ಲಿ. ಮಿಶೆಲ್ ಎಂಬ ಓದಿದ ತರುಣ ಜೇಬುಗಳ್ಳನಾಗುತ್ತಾನೆ. ಬುದ್ಧಿವಂತರಿಗೆ ಕಾನೂನು ಮುರಿಯುವ ಹಕ್ಕಿದೆ ಎಂಬುದು ಅವನ ವಾದ. ಬ್ರೆಸೋ ವೃತ್ತಿನಟರನ್ನು ಹಾಕಿಕೊಳ್ಳಲಿಲ್ಲ. ಕಳ್ಳನ ಸಹಚರನಾಗಿ ಬರುವ ಕಸಾಜಿ ನಿಜಕ್ಕೂ ಕೈಚಳಕದ ಕಲಾವಿದ. ಉಳಿದವರ ಬೆರಳುಗಳಿಗೆ ವಿದ್ಯೆ ಕಲಿಸಿದವನೂ ಅವನೇ. ಹಾಗಾಗಿ ಈ ಚಿತ್ರದ ನಿಜವಾದ ಪಾತ್ರಗಳು ಕೈಗಳು.

ಮೊದಲ ಕಳ್ಳತನವೇ ಒಬ್ಬ ಹೆಂಗಸಿನದು. ಲಾಂಗ್‌ಶಾಂ ಎಂಬಲ್ಲಿ ಕುದುರೆ ಜೂಜು. ಆಕೆ ಕುದುರೆಗಳನ್ನು ನೋಡುತ್ತಾಳೆ, ಹಿಂದೆ ನಿಂತವನು ಅವಳ ಕೈಚೀಲದ ಕೊಕ್ಕೆ ತೆರೆಯುತ್ತಾನೆ. ಮುಂದೆ ಗಾರ್ ದ ಲಿಯೋ ರೈಲು ನಿಲ್ದಾಣದಲ್ಲಿ ಮೂವರು ಸೇರಿ ನಡೆಸುವ ಕೆಲಸವಂತೂ ನೃತ್ಯದ ಹಾಗಿದೆ. ಒಬ್ಬ ತೆಗೆದದ್ದನ್ನು ಇನ್ನೊಬ್ಬ ಹಿಡಿಯುತ್ತಾನೆ, ಮೂರನೆಯವನು ಒಯ್ಯುತ್ತಾನೆ. ನೋಡುತ್ತಾ ನೋಡುತ್ತಾ ನಾನು ಉಸಿರು ಬಿಗಿಹಿಡಿದಿದ್ದೆ; ಸಿಕ್ಕಿಬೀಳದಿರಲಿ ಎಂದು ಕಳ್ಳನಿಗಾಗಿಯೇ! ಅದೇ ಬ್ರೆಸೋನ ಗೆಲುವು. ನನ್ನ ತಕರಾರೂ ಅಲ್ಲೇ ಇದೆ.

ತಕರಾರು ಹೇಳುವ ಮೊದಲು ನನ್ನ ಗುಟ್ಟು ಹೇಳಬೇಕು. 2011ರಲ್ಲಿ ಹಾಲೆಂಡಿನಲ್ಲಿರುವ ಮಗಳ ಮನೆಗೆ ಹೋದಾಗ ನಾಲ್ಕು ದಿನ ಪ್ಯಾರಿಸ್ ನೋಡಿದೆವು. ಮೊಂಮಾರ್ತ್ರ ಗುಡ್ಡದ ಮೇಲೆ ಸಾಕ್ರೆಕರ್ ಎಂಬ ಬಿಳಿಯ ಇಗರ್ಜಿ ಇದೆ. ಮಗಳು ಮೊಮ್ಮಗನೊಂದಿಗೆ ಮುಂದೆ ಹೋಗಿದ್ದಳು. ಮೆಟ್ಟಿಲ ಬುಡದಲ್ಲಿ ಒಬ್ಬ ಹುಡುಗ ನಗುತ್ತಾ ಬಂದು ಬಣ್ಣದ ದಾರ ಹಿಡಿದ. ದೇವರ ಗುಡಿಯ ಮುಂದೆ ದಾರ ಕಟ್ಟಲು ಬಂದರೆ ನಮ್ಮಂಥವರು ಕೈ ಹಿಂದೆಗೆಯುವುದುಂಟೇ? ನಾನಾಗಿಯೇ ಬಲಗೈ ನೀಡಿದೆ! ಗಂಟು ಬಿದ್ದ ಮೇಲೆ ಅವನ ನಗೆ ಹೋಯಿತು. ಇಪ್ಪತ್ತು ಯೂರೋ ಕೊಡು ಎಂದ. ಸುತ್ತ ಇನ್ನಿಬ್ಬರು ನಿಂತರು. ನಡುಗುತ್ತಾ ಪರ್ಸು ತೆಗೆದು ಹಣ ಕೊಟ್ಟೆ. ಮೇಲೆ ಹತ್ತಿ ನೋಡಿದರೆ ಪರ್ಸೇ ಇಲ್ಲ. ಮಗಳಿಗೆ ‘ಎಲ್ಲೋ ಬೀಳಿಸಿಕೊಂಡೆ’ ಅಂದೆ. ದಾರವನ್ನು ಸೆರಗಿನಡಿ ಬಿಚ್ಚಿ ಎಸೆದೆ.

ಮರುವರ್ಷ ಮಗಳು ತನ್ನ ಅತ್ತೆಯನ್ನು ಅಲ್ಲಿಗೇ ಕರೆದೊಯ್ದಳು. ಅವರ ಕೈಗೂ ದಾರ ಬಿತ್ತು, ಹಣ ಹೋಯಿತು. ಪಾಪ, ಅವರು ಮುಚ್ಚಿಡಲಿಲ್ಲ. ಅದರ ಫಲವಾಗಿ ಮದುವೆ ಮುಂಜಿಗಳಲ್ಲೆಲ್ಲ ‘ಪ್ಯಾರಿಸ್ ದಾರ’ ಎಂದು ಅವರನ್ನು ರೇಗಿಸುವುದೇ ನಮ್ಮ ಮನೆಯವರ ವಿನೋದವಾಯಿತು. ಬೀಗಿತ್ತಿಯ ಪೆದ್ದುತನಕ್ಕೆ ಎಲ್ಲರೊಂದಿಗೆ ನಾನೂ ನಕ್ಕೆ.

ಈಗ ಸಿನಿಮಾಕ್ಕೆ ಬರೋಣ. ಮಿಶೆಲ್ ಹಿಂದೆ ಹೆತ್ತ ತಾಯಿಯ ಹಣವನ್ನೇ ಕದ್ದಿರುತ್ತಾನೆ. ತಾಯಿ ಪೊಲೀಸರಿಗೆ ದೂರು ಕೊಟ್ಟು, ಮಗನ ಮೇಲೆ ಅನುಮಾನ ಬಂದು, ದೂರನ್ನು ಹಿಂತೆಗೆದುಕೊಂಡಿರುತ್ತಾಳೆ. ಚಿತ್ರದಲ್ಲಿ ಇದು ಮಾತಿನಲ್ಲಿ ಬಂದುಹೋಗುವ ಸಂಗತಿ ಅಷ್ಟೆ. ನನಗೆ ಅದೇ ಇಡೀ ಚಿತ್ರವಾಗಿ ಕಂಡಿತು. ಆ ತಾಯಿ ಆ ರಾತ್ರಿ ಏನು ಯೋಚಿಸಿದಳು? ಬ್ರೆಸೋ ತೋರಿಸುವುದಿಲ್ಲ. ಜೂಜಿನ ಅಂಗಳದ ಹೆಂಗಸು ಖಾಲಿ ಚೀಲ ತೆರೆದಾಗ ಅವಳ ಮುಖ ಹೇಗಿತ್ತು? ಅದೂ ಇಲ್ಲ. ಕಳ್ಳನಿಗೆ ಆತ್ಮವಿದೆ, ದಿನಚರಿ ಇದೆ, ಕೊನೆಗೆ ಸೆರೆಮನೆಯ ಸರಳುಗಳ ನಡುವೆ ಪ್ರೀತಿಯೂ ಇದೆ. ಕಳೆದುಕೊಂಡವಳಿಗೆ ಇರುವುದು ಒಂದು ಕೊಕ್ಕೆ ಮಾತ್ರ.

ಆದರೂ ಚಿತ್ರಕ್ಕೆ ನಾನು ಋಣಿ. ಈ ಕೆಲಸದ ಹಿಂದೆ ಎಷ್ಟು ಅಭ್ಯಾಸವಿದೆ ಎಂದು ಅದು ತೋರಿಸಿತು. ಮಿಶೆಲ್ ಮೇಜಿನ ಕಾಲಿಗೆ ಕೈಗಡಿಯಾರ ಕಟ್ಟಿ ಬಿಚ್ಚುವುದನ್ನು ಕಲಿಯುತ್ತಾನೆ. ಇಂಥವರ ಎದುರು ಸೋತದ್ದು ಪೆದ್ದುತನ ಹೇಗಾದೀತು? ಇನ್ನೊಂದು ಮಾತು: ಪ್ರವಾಸದ ಕೈಪಿಡಿಗಳು ಬಡಬಟ್ಟೆಯವರನ್ನು, ಅಲೆಮಾರಿಗಳನ್ನು ಕಂಡರೆ ದೂರವಿರಿ ಎನ್ನುತ್ತವೆ. ಬ್ರೆಸೋನ ಕಳ್ಳ ಕೋಟು ಟೈ ತೊಟ್ಟವನು. ನೋಡಬೇಕಾದದ್ದು ಮುಖವನ್ನಲ್ಲ, ನಮ್ಮ ಗಮನವನ್ನು ಯಾರು ಎತ್ತ ಎಳೆಯುತ್ತಿದ್ದಾರೆ ಎಂಬುದನ್ನು. ಕಾಲ ಬಳಿ ಚಿನ್ನದಂಥ ಉಂಗುರ ಎತ್ತಿ ‘ನಿಮ್ಮದೇ?’ ಎಂದು ಕೇಳುವವರು, ಸಹಿ ಹಾಕಿ ಎಂದು ಕಾಗದದ ಹಲಗೆ ಒಡ್ಡುವ ಹುಡುಗಿಯರು, ಬೀದಿಯಲ್ಲಿ ಮೂರು ಬಟ್ಟಲಾಡಿಸುವವರು, ಎಲ್ಲರೂ ಮಾಡುವುದು ಇದನ್ನೇ. ಬಟ್ಟಲಾಟದಲ್ಲಿ ಗೆಲ್ಲುತ್ತಿರುವವನು ಅವರ ಕಡೆಯವನೇ.

ಈ ಕಾಟ ಎಷ್ಟೆಂದರೆ 2013ರ ಏಪ್ರಿಲ್‌ನಲ್ಲಿ ಲೂವ್ರ್ ವಸ್ತುಸಂಗ್ರಹಾಲಯದ ಸಿಬ್ಬಂದಿಯೇ ಜೇಬುಗಳ್ಳರ ವಿರುದ್ಧ ಕೆಲಸ ನಿಲ್ಲಿಸಿದರು. ಒಂದು ದಿನ ಬಾಗಿಲು ತೆರೆಯಲಿಲ್ಲ. ಇನ್ನು 1925ರಲ್ಲಿ ವಿಕ್ಟರ್ ಲಸ್ಟಿಗ್ ಎಂಬ ವಂಚಕ ಸರಕಾರಿ ಅಧಿಕಾರಿಯ ವೇಷದಲ್ಲಿ ಐಫೆಲ್ ಗೋಪುರವನ್ನೇ ಗುಜರಿಗೆ ಮಾರಿದ ಕಥೆ ಪ್ರಸಿದ್ಧ. ಕೊಂಡ ವ್ಯಾಪಾರಿ ನಾಚಿಕೆಯಿಂದ ದೂರು ಕೊಡಲಿಲ್ಲವಂತೆ. ಕಳ್ಳನ ದೊಡ್ಡ ಬಂಡವಾಳ ನಮ್ಮ ನಾಚಿಕೆ.

ಆದ್ದರಿಂದ ಹೊರಡುವ ಗೆಳತಿಯರಿಗೆ ನನ್ನ ಮಾತು ಇಷ್ಟು. ಹಣವನ್ನು ಎರಡು ಮೂರು ಕಡೆ ಹಂಚಿಡಿ. ಪಾಸ್‌ಪೋರ್ಟಿನ ನಕಲು ಬೇರೆಯೇ ಇರಲಿ. ಮೆಟ್ರೋದಲ್ಲಿ ಚೀಲ ಹೊಟ್ಟೆಯ ಮುಂದಿರಲಿ. ದಾರದವನು ಬಂದರೆ ಕೈಯನ್ನು ಕೋಟಿನ ಜೇಬಿಗೆ ಸೇರಿಸಿ ನಡೆದುಬಿಡಿ. ನಿಲ್ಲಬೇಡಿ, ಉತ್ತರ ಕೊಡಬೇಡಿ, ಅದು ಅಗೌರವವಲ್ಲ. ತೊಂದರೆಯಾದರೆ ಪೊಲೀಸರಿಗೆ 17, ಇಲ್ಲವೇ ಯುರೋಪಿನಲ್ಲೆಲ್ಲ ನಡೆಯುವ 112ಕ್ಕೆ ಫೋನ್ ಮಾಡಿ. ದೂರು ಕೊಟ್ಟು ರಸೀದಿ ಪಡೆಯಿರಿ. ವಿಮೆಗೂ ಹೊಸ ಪಾಸ್‌ಪೋರ್ಟಿಗೂ ಅದು ಬೇಕಾಗುತ್ತದೆ.

ಸಿನಿಮಾ ನೋಡಿದ ರಾತ್ರಿಯೇ ಮಗಳಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಅವಳು ನಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಮ್ಮಾ, ಅವತ್ತೇ ಹೇಳಿದ್ದರೆ ಅತ್ತೆಯನ್ನು ಆ ಮೆಟ್ಟಿಲ ಹತ್ತಿರ ಒಬ್ಬರನ್ನೇ ಬಿಡುತ್ತಿರಲಿಲ್ಲ” ಎಂದಳು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಮಾರನೆಯ ವಾರ ಬೀಗಿತ್ತಿಯ ಮನೆಗೆ ಹೋದೆ. ಕಾಫಿ ಕುಡಿಯುತ್ತಾ ನನ್ನ ಬಲಗೈ ಚಾಚಿ, ದಾರ ಕಟ್ಟಿದ್ದ ಜಾಗ ತೋರಿಸಿದೆ. ಅವರು ಕೈಯನ್ನೇ ಒಂದು ಗಳಿಗೆ ನೋಡಿದರು. ಆಮೇಲೆ, “ನಿಮಗೆ ಯಾವ ಬಣ್ಣದ್ದು ಕಟ್ಟಿದ್ದರು?” ಎಂದು ಕೇಳಿದರು.