ಒಪ್ಪಿಸಿಕೊಡದ ಸೊಸೆ: ‘ತಬ್ಬಲಿಯು ನೀನಾದೆ ಮಗನೆ’ಯ ಹಿಲ್ಡಾ

ಶ್ರೀ ಎಸ್. ಎಲ್. ಭೈರಪ್ಪನವರ ‘ತಬ್ಬಲಿಯು ನೀನಾದೆ ಮಗನೆ’ ಎಂಬ ಕಾದಂಬರಿಯು ೧೯೬೮ರಲ್ಲಿ ಪ್ರಕಟವಾಯಿತು. ಅದರ ಮಾತು ಬಂದಾಗಲೆಲ್ಲ ಚರ್ಚೆಯು ಸಾಮಾನ್ಯವಾಗಿ ಗೋವಿನ ಸುತ್ತಲೇ ನಡೆಯುತ್ತದೆ. ಪೂರ್ವ ಪಶ್ಚಿಮಗಳ ಘರ್ಷಣೆ, ಶ್ರದ್ಧೆಗೂ ತರ್ಕಕ್ಕೂ ಇರುವ ಕಲಹ, ಯಂತ್ರ ನೇಗಿಲುಗಳ ವ್ಯಾಜ್ಯ, ಇವೆಲ್ಲವೂ ಗ್ರಂಥದಲ್ಲಿವೆಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಇವಕ್ಕೆಲ್ಲ ಮುಂಚೆ ಏಳಬೇಕಾದ ಪ್ರಶ್ನೆಯೊಂದು ಈ ಕಥೆಯ ಒಡಲಲ್ಲಿ ಅಡಗಿದೆ. ಎರಡು ದೇಶಗಳ ಗಂಡು ಹೆಣ್ಣು ಮದುವೆಯಾದ ಮೇಲೆ ಯಾರ ದೇಶದಲ್ಲಿ ಒಲೆ ಹೂಡಬೇಕು? ಅದನ್ನು ತೀರ್ಮಾನಿಸತಕ್ಕವರು ಯಾರು? ವಿಮರ್ಶಕರು ಇದನ್ನು ಅಷ್ಟಾಗಿ ಕೇಳಿಲ್ಲ. ಕಾದಂಬರೀಕಾರರೂ ಇದರ ಹತ್ತಿರ ಬಂದು ಪಕ್ಕಕ್ಕೆ ಸರಿದಿದ್ದಾರೆ.

ಚೌಳಹಿರಿಯೂರಿನ ಸುತ್ತಣ ಮನೆಗಳಿಗೆ ಈ ಪ್ರಶ್ನೆ ಈಗ ಪುಸ್ತಕದ ಪ್ರಶ್ನೆಯಾಗಿ ಉಳಿದಿಲ್ಲ. ಕಡೂರು, ಬೀರೂರು, ಅಜ್ಜಂಪುರಗಳ ಮಕ್ಕಳು ಓದಿಗೂ ಉದ್ಯೋಗಕ್ಕೂ ಸಾಗರವನ್ನು ದಾಟುತ್ತಾರೆ. ಅವರಲ್ಲಿ ಕೆಲವರು ಅಲ್ಲಿಯವರನ್ನೇ ವರಿಸುತ್ತಾರೆ. ಮೊದಲ ವರ್ಷದ ಸಂಭ್ರಮ ಮುಗಿದು, ಇಲ್ಲಿ ತಂದೆಗೆ ಕಾಯಿಲೆಯೆಂದೋ, ತೆಂಗಿನ ತೋಟಕ್ಕೆ ದಿಕ್ಕಿಲ್ಲವೆಂದೋ ಸುದ್ದಿ ಹೋದಾಗ, ಅಲ್ಲಿಯ ಮನೆಯಲ್ಲಿ ಈ ಮಾತು ಏಳುತ್ತದೆ. ಆ ಹೊತ್ತಿನಲ್ಲಿ ಈ ಕಾದಂಬರಿಯನ್ನು ಮತ್ತೆ ತೆರೆದರೆ ಅದು ಬೇರೆಯೇ ಆಗಿ ಕಾಣುತ್ತದೆ.

ಕಥೆಯ ಹಂದರವನ್ನು ಬಲ್ಲವರಿಗೆ ನೆನಪಿಸಿದರೆ ಸಾಕು. ಹಳ್ಳಿಯ ಗೌಡರ ಮನೆಯ ಮೊಮ್ಮಗ ಕಾಳಿಂಗ. ಅಜ್ಜನ ಹೆಸರನ್ನೇ ಹೊತ್ತವನು. ಪುಣ್ಯಕೋಟಿಯ ವಂಶವೆಂದು ಮನೆಯವರು ನಂಬಿ ಪೂಜಿಸುವ ಹಸುಗಳ ನಡುವೆ ಬೆಳೆದು, ಬೇಸಾಯಶಾಸ್ತ್ರವನ್ನು ಕಲಿಯಲು ಅಮೆರಿಕಕ್ಕೆ ಹೋಗುತ್ತಾನೆ. ಅಲ್ಲಿಯ ಹಿಲ್ಡಾಳನ್ನು ಮದುವೆಯಾಗಿ, ಹೊಸ ರೀತಿಯ ಬೇಸಾಯವನ್ನು ಹೂಡುವ ಹಟದಿಂದ ಹಳ್ಳಿಯಲ್ಲಿ ನೆಲಸುತ್ತಾನೆ. ಕೊಟ್ಟಿಗೆಯ ಹಸುವು ಹಿಲ್ಡಾಳ ಊಟದ ಪದಾರ್ಥವಾಗುವಲ್ಲಿಗೆ ಕಥೆಯು ಕುದಿಯುವ ಹದಕ್ಕೆ ಬರುತ್ತದೆ. ಊರು ಒಂದು ಕಡೆ, ಹೆಂಡತಿ ಒಂದು ಕಡೆ, ನಡುವೆ ಕಾಳಿಂಗ. ಅವನು ಯಾವ ಕಡೆಗೂ ಪೂರ್ಣವಾಗಿ ಸಲ್ಲದೆ ಹೋಗುವುದೇ ಕಾದಂಬರಿಯ ದುರಂತ.

ಈ ರಚನೆಯ ಗುಣಗಳನ್ನು ಮೊದಲು ಒಪ್ಪಬೇಕು. ಅವುಗಳಲ್ಲಿ ಮೇಲ್ಮಟ್ಟದ್ದು ಕಾಳಿಂಗನ ತಾಯಿಯ ಪಾತ್ರ. ಆಕೆ ಮೂಕಿ. ಮನೆಗೆ ಬಂದ ಸೊಸೆಗೆ ಕನ್ನಡವಿಲ್ಲ. ಒಬ್ಬಳಿಗೆ ಮಾತೇ ಇಲ್ಲ, ಮತ್ತೊಬ್ಬಳ ಮಾತು ಇಲ್ಲಿ ನಡೆಯುವುದಿಲ್ಲ. ಇಂಥ ಇಬ್ಬರು ಹೆಂಗಸರನ್ನು ಒಂದೇ ಸೂರಿನ ಕೆಳಗೆ ತಂದದ್ದು ಉನ್ನತವಾದ ಕಲ್ಪನೆ. ಇಬ್ಬರ ನಡುವೆ ಅರ್ಥವನ್ನು ದಾಟಿಸಬಲ್ಲವನು ಕಾಳಿಂಗನೊಬ್ಬನೇ. ತಾಯಿಯ ಕೈಸನ್ನೆ ಅವನಿಗೆ ಹಾಲಿನೊಡನೆ ಬಂದದ್ದು, ಹೆಂಡತಿಯ ಭಾಷೆ ಅವನು ಕಲಿತು ಗಳಿಸಿದ್ದು. ಹೀಗಿದ್ದೂ ಆ ದುಭಾಷಿಯ ಕೆಲಸವನ್ನು ಅವನು ಮಾಡಲಾರದೆ ಹೋಗುತ್ತಾನೆ. ಗೋವನ್ನು ಕುರಿತ ವಾದವಿವಾದಗಳ ಹತ್ತು ಪುಟ ಹೇಳಲಾರದ್ದನ್ನು ಈ ಒಂದು ಸನ್ನಿವೇಶ ಹೇಳುತ್ತದೆ. ಹಿಲ್ಡಾಳನ್ನೂ ಕಾದಂಬರೀಕಾರರು ಗೊಂಬೆಯಂತೆ ನಿಲ್ಲಿಸಿಲ್ಲ. ಅವಳಿಗೆ ವಾದವಿದೆ, ನೇರವಿದೆ; ಗಂಡನ ಇಬ್ಬಂದಿತನವನ್ನು ಅವಳಷ್ಟು ಸ್ಪಷ್ಟವಾಗಿ ಕಂಡವರು ಆ ಹಳ್ಳಿಯಲ್ಲಿ ಮತ್ತೊಬ್ಬರಿಲ್ಲ.

ಇಷ್ಟನ್ನು ಒಪ್ಪಿದ ಮೇಲೆ ಆಕ್ಷೇಪವನ್ನು ಹೇಳಬೇಕಾಗಿದೆ. ಗ್ರಂಥದ ಭಾರವೆಲ್ಲ ಬಿದ್ದಿರುವುದು ಹಿಲ್ಡಾ ಬಂದ ಮೇಲಿನ ಕಥೆಯ ಮೇಲೆ. ಬರುವುದೆಂಬ ತೀರ್ಮಾನಕ್ಕೆ ಆ ತೂಕವಿಲ್ಲ. ಅಮೆರಿಕದಲ್ಲಿ ಹುಟ್ಟಿ ಬೆಳೆದ ಹೆಣ್ಣೊಬ್ಬಳು ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ಬಾಳುವುದು ಸಣ್ಣ ಮಾತೇ? ಅವಳು ಬಿಟ್ಟು ಬಂದದ್ದೇನು, ಎಷ್ಟು ಕಾಲಕ್ಕೆಂದು ಒಪ್ಪಿದಳು, ಒಗ್ಗದಿದ್ದರೆ ಮುಂದೇನೆಂದು ಇಬ್ಬರೂ ಮಾತಾಡಿಕೊಂಡರೆ? ತವರಿನ ನೆನಪು ಅವಳನ್ನು ಕಾಡುವುದಾದರೂ ಅದು ಕಥೆಯ ನಡೆಯನ್ನು ತಿರುಗಿಸುವಷ್ಟು ಬಲವಾದ ಸಂಗತಿಯಾಗುವುದಿಲ್ಲ. ವಾದಿಸುವ ಹಿಲ್ಡಾ ಓದುಗರ ಮನಸ್ಸಿನಲ್ಲಿ ನಿಲ್ಲುತ್ತಾಳೆ. ಸಂಜೆಯ ಹೊತ್ತು ಜಗುಲಿಯ ಮೇಲೆ ಮಂಕಾಗಿ ಕುಳಿತ ಹಿಲ್ಡಾ ನಿಲ್ಲುವುದಿಲ್ಲ.

ಇದು ಕಾದಂಬರೀಕಾರರ ಅಲಕ್ಷ್ಯವೊಂದೇ ಎನ್ನಲಾಗದು. ಕಾಳಿಂಗನ ಸ್ವಭಾವದಲ್ಲಿಯೇ ಇರುವ ದೋಷವೂ ಹೌದು, ಕನ್ನಡ ಓದುಗರ ಕಣ್ಣಿಗೆ ಅದು ದೋಷವಾಗಿ ಕಾಣದಿರುವುದಕ್ಕೆ ಕಾರಣವೂ ಉಂಟು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂಬುದು ಈ ನಾಡಿನ ಮಾತು. ತರೀಕೆರೆಯ ಹೆಣ್ಣು ಕಡೂರಿನ ಸೊಸೆಯಾದರೆ ಎಲ್ಲಿ ಬಾಳಬೇಕೆಂದು ಯಾರೂ ಸಭೆ ಸೇರಿಸಿ ಕೇಳುವುದಿಲ್ಲ. ಗಂಡನೇ ಹೆಂಡತಿಯ ಊರಿಗೆ ಹೋದರೆ ಅವನು ಮನೆ ಅಳಿಯ. ಆ ಹೆಸರಿನಲ್ಲಿರುವ ಹಗುರ ಎಲ್ಲರಿಗೂ ಗೊತ್ತು. ಕಾಳಿಂಗನು ಬೀಜ, ಗೊಬ್ಬರ, ಯಂತ್ರ, ದೇವರು ಎಲ್ಲದರಲ್ಲಿಯೂ ಹಳೆಯದನ್ನು ಪ್ರಶ್ನಿಸಿದವನು. ಹೆಂಡತಿಯನ್ನು ತನ್ನ ಊರಿಗೆ ಕರೆತರುವ ಒಂದು ವಿಷಯದಲ್ಲಿ ಮಾತ್ರ ಅಜ್ಜನ ಕಾಲದ ಪದ್ಧತಿಯನ್ನು ಹಾಗೆಯೇ ನಡೆಸಿದನು. ಸಮುದ್ರದಾಚೆಯ ಹೆಣ್ಣನ್ನು ಪಕ್ಕದ ಹೋಬಳಿಯ ಹೆಣ್ಣಿನಂತೆ ತಂದನು.

ಪಕ್ಕದ ಹೋಬಳಿಯ ಹೆಣ್ಣಿಗಾದರೂ ಒಂದು ರಕ್ಷಣೆ ಉಂಟು. ಮದುವೆಯ ಕೊನೆಯಲ್ಲಿ ಹೆಣ್ಣೊಪ್ಪಿಸುವ ಶಾಸ್ತ್ರವಿದೆ. ತಾಯಿತಂದೆಗಳು ಮಗಳ ಕೈಯನ್ನು ಬೀಗರ ಕೈಯಲ್ಲಿಟ್ಟು, ಇವಳ ತಪ್ಪುಒಪ್ಪುಗಳು ಇನ್ನು ನಿಮ್ಮವು ಎಂದು ಕಣ್ಣೀರಿಡುವ ಆ ಹೊತ್ತಿಗೆ ಗಟ್ಟಿ ಮನಸ್ಸಿನವರೂ ತಲೆ ತಗ್ಗಿಸುತ್ತಾರೆ. ಮೊದಲ ಹಬ್ಬಕ್ಕೆ ತವರು, ಆಷಾಢಕ್ಕೆ ತವರು, ಬಾಣಂತನಕ್ಕೆ ತವರು. ಹೆಣ್ಣು ಗಂಡನ ಮನೆಗೆ ಸೇರಿದ್ದು ಒಂದೇ ದಿನದಲ್ಲಲ್ಲ, ಹತ್ತಾರು ಸಲ ಹೋಗಿ ಬಂದು. ಹಿಲ್ಡಾಳಿಗೆ ಪದ್ಧತಿಯ ಭಾರವೆಲ್ಲ ಬಂತು, ಈ ಆಸರೆ ಬರಲಿಲ್ಲ.

ಕಾದಂಬರಿಯ ಹೆಸರು ಬಂದಿರುವ ಗೋವಿನ ಹಾಡನ್ನು ಇಲ್ಲಿ ನೆನೆಯಬೇಕು. ಕಾಳಿಂಗನೆಂಬುದು ಆ ಹಾಡಿನ ಗೊಲ್ಲನ ಹೆಸರೇ. ಹುಲಿಗೆ ಮಾತು ಕೊಟ್ಟ ಪುಣ್ಯಕೋಟಿಯು ದೊಡ್ಡಿಗೆ ಬಂದು, ಕರುವಿಗೆ ಹಾಲೂಡಿ, ತಬ್ಬಲಿಯಾಗಲಿರುವ ಆ ಕಂದನನ್ನು ತನ್ನ ಒಡನಾಡಿ ಹಸುಗಳಿಗೆ ಒಪ್ಪಿಸಿ ಹೊರಡುತ್ತದೆ. ಹಾಡಿನ ಕರುಣೆಯೆಲ್ಲ ಆ ಒಪ್ಪಿಸುವಿಕೆಯಲ್ಲಿದೆ. ಸಾಯಲು ಹೊರಟ ಹಸುವೂ ತನ್ನದನ್ನು ದಿಕ್ಕಿಲ್ಲದೆ ಬಿಡುವುದಿಲ್ಲ. ‘ತಬ್ಬಲಿ’ ಎಂಬ ಮಾತು ಕಾಳಿಂಗನಿಗೆ ಸಲ್ಲುತ್ತದೆಂದು ಓದುಗರು ಸಾಮಾನ್ಯವಾಗಿ ತಿಳಿಯುತ್ತಾರೆ. ತಾಯಿಯನ್ನೂ ತಾಯ್ನೆಲದ ನಂಬಿಕೆಯನ್ನೂ ಕಳೆದುಕೊಂಡವನೆಂಬ ಅರ್ಥದಲ್ಲಿ ಅದು ಸರಿಯೇ. ಆದರೆ ಯಾರಿಗೂ ಒಪ್ಪಿಸಲ್ಪಡದೆ ಆ ಮನೆಯಲ್ಲಿ ನಿಂತವಳು ಹಿಲ್ಡಾ. ಎಳೆಗೂಸು ಹಸುವಿನ ಕೆಚ್ಚಲಿಗೆ ಬಾಯಿಡುವ ಪ್ರಸಂಗವನ್ನು ಗೋಮಾತೆಯ ಮಹಿಮೆಯೆಂದು ಕೊಂಡಾಡುವವರು, ಆ ಜಾಗದಲ್ಲಿ ಇರಬೇಕಾಗಿದ್ದ ಬಾಣಂತಿಯ ತಾಯಿ ಎಲ್ಲಿ ಎಂದು ಒಂದು ಸಲ ಕೇಳಿಕೊಂಡರೆ ಪ್ರಸಂಗದ ಬಣ್ಣವೇ ಬದಲಾಗುತ್ತದೆ.

ಗೋವಿನ ವಿಷಯದಲ್ಲಿ ಈ ಸೀಮೆಯವರು ಸೇರಿಸಬಹುದಾದ ಮಾತೊಂದಿದೆ. ಮೈಸೂರು ಅರಸರ ಬೆಣ್ಣೆ ಚಾವಡಿಯಿಂದ ಮೊದಲಾಗಿ, ಟೀಪುವಿನ ಕಾಲದಲ್ಲಿ ಅಮೃತಮಹಲೆಂದು ಹೆಸರಾದ ದನಗಳ ಕಾವಲುಗಳು ಕಡೂರು ಅಜ್ಜಂಪುರಗಳ ಬಯಲಿನಲ್ಲಿ ಹಬ್ಬಿವೆ. ಅಜ್ಜಂಪುರದಲ್ಲಿ ಆ ತಳಿಯ ಸಂವರ್ಧನ ಕೇಂದ್ರವೂ ಉಂಟು. ಆ ಹಸು ಸೌಮ್ಯವೂ ಅಲ್ಲ, ಹಾಲಿನ ಹೊಳೆಯೂ ಅಲ್ಲ. ಅಪರಿಚಿತರನ್ನು ಕಂಡರೆ ಕೋಡು ತಗ್ಗಿಸುತ್ತದೆ. ಕರೆಯುವ ಹಾಲು ಕರುವಿಗೆ ಸಾಕಾದರೆ ಹೆಚ್ಚು. ಅದನ್ನು ಸಾಕಿದ್ದು ಎತ್ತಿಗಾಗಿ, ದಣಿಯದೆ ದಂಡಿನ ಸಾಮಾನನ್ನೆಳೆದ ಕಾಲಿಗಾಗಿ. ಆದುದರಿಂದ ಕಾವಲಿನ ಅಂಚಿನಲ್ಲಿ ಬೆಳೆದವರಿಗೆ ಕಾದಂಬರಿಯ ಎರಡು ಪಕ್ಷಗಳೂ ಕೊಂಚ ಪಟ್ಟಣದವೆಂದು ತೋರುತ್ತವೆ. ಲೀಟರಿನ ಲೆಕ್ಕ ಹಿಡಿದ ಕಾಳಿಂಗನ ಪಕ್ಷ ಒಂದು. ಹಸುವೆಂದರೆ ಕ್ಷೀರವೂ ಕರುಣೆಯೂ ಮಾತ್ರವೆಂಬ ಪಕ್ಷ ಇನ್ನೊಂದು. ಹಿಲ್ಡಾಳಿಗೆ ದೊರೆತದ್ದು ಗಂಡನ ಲೆಕ್ಕ. ಹಸು ಆದಾಯದ ವಸ್ತುವೆಂದು ಅವನಿಂದಲೇ ಕಲಿತವಳು ಆ ಪಾಠವನ್ನು ಕೊನೆಯವರೆಗೆ ನಡೆಸಿದಾಗ, ಅವನೊಳಗಿನ ಹಳ್ಳಿಯ ಹುಡುಗ ಎಚ್ಚತ್ತು ನಡುಗುತ್ತಾನೆ. ತಾನು ಬರುವ ಊರು ಎಂಥದು, ಅಲ್ಲಿ ಯಾವುದನ್ನು ಮುಟ್ಟಿದರೆ ಜೀವಕ್ಕೆ ತಗಲುತ್ತದೆ ಎಂಬುದನ್ನು ಅವಳಿಗೆ ತಿಳಿಸಬೇಕಾಗಿದ್ದವನು ಅವನು.

ಇದು ವಿಚಾರಪ್ರಧಾನವಾದ ಕಾದಂಬರಿ, ದಾಂಪತ್ಯದ ಕಥೆಯಲ್ಲ ಎಂದು ಸಮಾಧಾನ ಹೇಳಬಹುದು. ಆದರೆ ಎರಡು ನಾಗರಿಕತೆಗಳು ಕೂಡಿ ಬಾಳಲಾರವೆಂಬ ನಿರ್ಣಯವನ್ನು ಈ ದಾಂಪತ್ಯದ ಸೋಲಿನಿಂದಲೇ ಓದುಗರು ಪಡೆಯುತ್ತಾರೆ. ದಾಂಪತ್ಯವು ಸೋತದ್ದು ಬೇರೆ ಕಾರಣಕ್ಕಾಗಿ ಎಂದಾದರೆ ಆ ನಿರ್ಣಯದ ಬುಡ ಸಡಿಲವಾಗುತ್ತದೆ.

ಬೇರೆಯವರು ಈ ತೊಡಕನ್ನು ಹೇಗೆ ನಿಭಾಯಿಸಿದರು? ಶ್ರೀ ಅನಂತಮೂರ್ತಿಯವರ ‘ಭಾರತೀಪುರ’ದಲ್ಲಿ (೧೯೭೩) ಇಂಗ್ಲೆಂಡಿನಿಂದ ಮರಳಿದ ಜಗನ್ನಾಥನಿಗೆ ಅಲ್ಲಿಯ ಪ್ರೇಯಸಿ ಮಾರ್ಗರೆಟ್ ನೆನಪಾಗಿಯೇ ಉಳಿಯುತ್ತಾಳೆ, ಊರಿಗೆ ಅವಳು ಬರುವುದಿಲ್ಲ. ಕಷ್ಟದ ಪ್ರಶ್ನೆ ಹಾಗೆ ತಪ್ಪಿಹೋಗುತ್ತದೆ. ಮಾಸ್ತಿಯವರ ‘ಚಿಕವೀರ ರಾಜೇಂದ್ರ’ವು (೧೯೫೬) ಯಾವ ಅರಸನ ಕಥೆಯೋ ಅವನ ಮಗಳು ಗೌರಮ್ಮನ ಚರಿತ್ರೆ ಇದಕ್ಕೆ ವಿಲೋಮವಾದದ್ದು. ಕೊಡಗಿನ ಈ ಹುಡುಗಿಗೆ ೧೮೫೨ರಲ್ಲಿ ಲಂಡನ್ನಿನಲ್ಲಿ ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ದೀಕ್ಷಾಸ್ನಾನವಾಯಿತು. ೧೮೬೦ರಲ್ಲಿ ಕ್ಯಾಂಬೆಲ್ ಎಂಬ ಸೇನಾಧಿಕಾರಿಯೊಡನೆ ಮದುವೆಯಾಯಿತು. ೧೮೬೪ರಲ್ಲಿ, ಒಂದು ಹೆಣ್ಣುಮಗುವನ್ನು ಬಿಟ್ಟು, ಅವಳು ತೀರಿಕೊಂಡಳು. ಎಲ್ಲಿ ಬಾಳಬೇಕೆಂಬುದು ಅವಳ ಕೈಯಲ್ಲಿರಲೇ ಇಲ್ಲ. ಅವಳನ್ನೂ ಹಿಲ್ಡಾಳನ್ನೂ ಒಟ್ಟಿಗೆ ನೆನೆದರೆ, ದೇಶದ ಹೆಸರುಗಳು ಅದಲುಬದಲಾದರೂ ಹೆಣ್ಣಿನ ಸ್ಥಿತಿ ಎಷ್ಟು ಮಾತ್ರ ಬದಲಾಯಿತೆಂದು ಕೇಳುವಂತಾಗುತ್ತದೆ.

ಕಥೆಗಳನ್ನು ಬಿಟ್ಟು ಬಾಳಿದವರನ್ನು ನೋಡುವುದಾದರೆ, ಬೆಂಗಳೂರಿಗೆ ಸಮೀಪದಲ್ಲೇ ಒಂದು ನಿದರ್ಶನವುಂಟು. ಚಲಚ್ಚಿತ್ರನಟಿ ದೇವಿಕಾರಾಣಿಯವರೂ ರಷ್ಯದಲ್ಲಿ ಹುಟ್ಟಿದ ಚಿತ್ರಕಾರ ಸ್ವೆತೊಸ್ಲಾವ್ ರೋರಿಕರೂ ೧೯೪೫ರಲ್ಲಿ ಮದುವೆಯಾದರು. ಕೆಲವು ಕಾಲ ಹಿಮಾಲಯದ ಕುಲ್ಲು ಕಣಿವೆಯಲ್ಲಿ, ಆತನ ತಂದೆತಾಯಿಗಳು ನೆಲಸಿದ್ದ ಕಡೆ ಇದ್ದರು. ಬಳಿಕ ಕನಕಪುರದ ರಸ್ತೆಯ ತಾತಗುಣಿಯಲ್ಲಿ ತೋಟ ಮಾಡಿಕೊಂಡು, ಪರಿಮಳದ ಎಣ್ಣೆ ಕೊಡುವ ಮರಗಳನ್ನು ಬೆಳೆಸಿದರು. ಬಂಗಾಳಿ ಮನೆತನದ ಆಕೆಗೆ ಅದು ತವರಲ್ಲ, ಆತನಿಗೆ ಹುಟ್ಟೂರಲ್ಲ. ಇಬ್ಬರೂ ಹೊಸಬರಾದ ನೆಲದಲ್ಲಿ ಒಬ್ಬರು ಅತಿಥಿ, ಒಬ್ಬರು ಒಡೆಯರೆಂಬ ಭೇದ ಏಳಲಿಲ್ಲವೆಂದು ಊಹಿಸಬಹುದು. ಆತ ೧೯೯೩ರಲ್ಲಿ, ಆಕೆ ೧೯೯೪ರಲ್ಲಿ ತೀರಿಕೊಂಡರು. ಮಕ್ಕಳಿರಲಿಲ್ಲ. ತೋಟವು ವ್ಯಾಜ್ಯಗಳಲ್ಲಿ ಸಿಲುಕಿ, ೧೯೯೬ರ ಕಾಯಿದೆಯ ಮೂಲಕ ಸರ್ಕಾರಕ್ಕೆ ಸೇರಿತು. ಸರ್ವೋಚ್ಚ ನ್ಯಾಯಾಲಯ ಆ ಕಾಯಿದೆಯನ್ನು ೨೦೧೧ರಲ್ಲಿ ಎತ್ತಿಹಿಡಿಯಿತು. ಯಾರ ಊರೂ ಅಲ್ಲದ ನೆಲಕ್ಕೆ ಈ ಬಗೆಯ ತೊಂದರೆಯೂ ಉಂಟು.

ಇಂದು ಹಿಲ್ಡಾ ಬರುವುದಾದರೆ ಕಾನೂನು ಕೂಡ ಬಾಗಿಲಲ್ಲಿ ನಿಂತು ಮಾತಾಡಿಸುತ್ತದೆ. ಭಾರತದ ಪೌರರನ್ನು ಮದುವೆಯಾದ ಪರದೇಶದವರು ಸಾಮಾನ್ಯವಾಗಿ ಏಳು ವರ್ಷ ಇಲ್ಲಿ ವಾಸವಾಗಿದ್ದ ಬಳಿಕ ಪೌರತ್ವಕ್ಕೆ ಅರ್ಜಿ ಹಾಕಬಹುದು. ಎರಡು ದೇಶಗಳ ಪೌರತ್ವವನ್ನು ಒಟ್ಟಿಗೆ ಇಟ್ಟುಕೊಳ್ಳಲು ಈ ದೇಶ ಒಪ್ಪುವುದಿಲ್ಲ. ಮದುವೆ ನೋಂದಾಯಿತವಾಗಿ ಎರಡು ವರ್ಷ ಕಳೆದರೆ ಸಾಗರೋತ್ತರ ಭಾರತೀಯರ ಚೀಟಿ ದೊರೆಯಬಹುದು, ಆದರೆ ಅದನ್ನು ಹಿಡಿದು ಬೇಸಾಯದ ಭೂಮಿಯನ್ನು ಕೊಳ್ಳುವಂತಿಲ್ಲ. ಅಂದರೆ ಯಾವ ಹೊಲಕ್ಕಾಗಿ ಕಾಳಿಂಗ ಅವಳನ್ನು ಕರೆತಂದನೋ ಅಂಥ ಹೊಲದ ಒಂದು ಗುಂಟೆಯನ್ನೂ ಅವಳು ಆ ಚೀಟಿಯ ಬಲದಿಂದ ತನ್ನ ಹೆಸರಿಗೆ ಕೊಳ್ಳಲಾರಳು. ಊರಿಗೆ ಬನ್ನಿರೆಂದು ಮಗನಿಗೆ ಕಾಗದ ಬರೆಯುವ ತಂದೆತಾಯಿಗಳು ಈ ಸಂಗತಿಯನ್ನು ಸೊಸೆಗೆ ಮೊದಲೇ ತಿಳಿಸುವುದು ಮೇಲು.

ಕಾದಂಬರಿಯು ೧೯೭೭ರಲ್ಲಿ ಶ್ರೀ ಕಾರ್ನಾಡ ಮತ್ತು ಶ್ರೀ ಕಾರಂತರ ನಿರ್ದೇಶನದಲ್ಲಿ ಕನ್ನಡದಲ್ಲಿಯೂ ‘ಗೋಧೂಳಿ’ಯೆಂದು ಹಿಂದಿಯಲ್ಲಿಯೂ ಚಿತ್ರವಾಯಿತು. ಭೈರಪ್ಪನವರು ೨೦೨೫ರಲ್ಲಿ ತೀರಿಕೊಂಡರು. ಗ್ರಂಥವನ್ನು ಓದುವವರು ಈಗಲೂ ಇದ್ದಾರೆ. ಮುಂದೆ ಓದುವವರು ಮೂಕಿ ಅತ್ತೆಯೂ ಭಾಷೆಯಿಲ್ಲದ ಸೊಸೆಯೂ ಎದುರುಬದುರಾಗುವ ಪುಟಗಳಲ್ಲಿ ಸ್ವಲ್ಪ ನಿಧಾನಿಸಬೇಕು. ಅತ್ತೆಯೂ ಎಂದೋ ಒಂದು ದಿನ ಬೇರೆ ಊರಿನಿಂದ ಆ ಮನೆಗೆ ಬಂದವಳೇ. ಬಂದ ಹೊಸತರಲ್ಲಿ ಅವಳ ಸನ್ನೆಯನ್ನು ಆ ಮನೆಯಲ್ಲಿ ಯಾರು ಅರಿತರೋ!