ಸ್ಲೈಡಿನಲ್ಲಿ ಕಂಡದ್ದು, ಜೀನಿನಲ್ಲಿ ಇದ್ದದ್ದು

ಅಸ್ಥಿಮಜ್ಜೆಯ ಸ್ಮಿಯರ್‌ನ ಫೋಟೋ ನೋಡಿಯೇ ರೋಗಿಯ ಜೀನಿನಲ್ಲಿ ಆಗಿರುವ ದೋಷವನ್ನು ಕಂಪ್ಯೂಟರ್ ಹೇಳಬಲ್ಲದು ಎಂದು ಜರ್ಮನಿಯ ಡ್ರೆಸ್ಡೆನ್‌ನ ಎಕಾರ್ಟ್ ಮತ್ತು ಸಂಗಡಿಗರು 2022ರಲ್ಲಿ ‘ಲ್ಯುಕೇಮಿಯಾ’ ಪತ್ರಿಕೆಯಲ್ಲಿ ಬರೆದರು. ಕಾಯಿಲೆ ಅಕ್ಯೂಟ್ ಮೈಲಾಯ್ಡ್ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರ್, ವೈದ್ಯರ ಬಾಯಲ್ಲಿ ಎಎಂಎಲ್. ಜೀನು ಎನ್‌ಪಿಎಂ1. ವಯಸ್ಕರ ಎಎಂಎಲ್‌ನಲ್ಲಿ ಸುಮಾರು ಮೂರನೇ ಒಂದು ಪಾಲು ರೋಗಿಗಳಲ್ಲಿ ಈ ಜೀನು ಕೆಟ್ಟಿರುತ್ತದೆ. ಮ್ಯೂನಿಕ್‌ನ ಸಂಶೋಧಕರು ಅಸ್ಥಿಮಜ್ಜೆಯ ಬದಲು ರಕ್ತದ ಸ್ಮಿಯರ್ ಹಿಡಿದು ಇದೇ ಜಾಡಿನಲ್ಲಿ ಕೆಲಸ ಮಾಡಿದ್ದಾರೆ. ಈ ಪ್ರಬಂಧಗಳನ್ನು ಹೊಗಳಿ ಬರೆದ ಸುದ್ದಿಗಳು ಸಾಕಷ್ಟಿವೆ. ಪ್ರಬಂಧಗಳ ತೂಕ ಎಷ್ಟು ಎಂದು ನೋಡುವುದು ಇಲ್ಲಿನ ಕೆಲಸ.

ರಕ್ತಕಣದ ಚಹರೆಯಿಂದ ಕಾಯಿಲೆಯ ಒಳಗುಟ್ಟು ಹಿಡಿಯುವ ಆಸೆ ಹಳೆಯದು. ಫ್ರೆಂಚ್, ಅಮೆರಿಕನ್ ಮತ್ತು ಬ್ರಿಟಿಷ್ ತಜ್ಞರು ಕೂಡಿ 1976ರಲ್ಲಿ ಮಾಡಿದ ವರ್ಗೀಕರಣ ಎಎಂಎಲ್ ಅನ್ನು ಎಂ1, ಎಂ2, ಎಂ3 ಎಂದು ವಿಂಗಡಿಸಿದ್ದು ಬಹುಮಟ್ಟಿಗೆ ಬಣ್ಣ ಹಾಕಿದ ಸ್ಲೈಡನ್ನು ನೋಡಿಯೇ. ಜೀನು ಇನ್ನೂ ಆ ಚಿತ್ರಕ್ಕೆ ಬಂದಿರಲಿಲ್ಲ. ಆದರೂ ಆ ಕಣ್ಣುಗಳು ಎಷ್ಟು ಚುರುಕಾಗಿದ್ದವು ಎಂಬುದಕ್ಕೆ ಎಂ3 ಸಾಕ್ಷಿ. 1977ರಲ್ಲಿ ಶಿಕಾಗೋದ ಜಾನೆಟ್ ರೌಲಿ, ಈ ರೋಗಿಗಳಲ್ಲಿ 15 ಮತ್ತು 17ನೇ ಕ್ರೋಮೊಸೋಮುಗಳ ತುಂಡುಗಳು ಅದಲುಬದಲಾಗಿರುವುದನ್ನು ತೋರಿಸಿದರು. ಮೈಕ್ರೋಸ್ಕೋಪಿನವರು ಬೇರೆ ಎಂದು ಎತ್ತಿಟ್ಟ ಗುಂಪು ಒಳಗಿನಿಂದಲೂ ಬೇರೆಯೇ ಆಗಿತ್ತು.

ಎಂ3, ಅಂದರೆ ಈಗಿನ ಅಕ್ಯೂಟ್ ಪ್ರೋಮೈಲೋಸೈಟಿಕ್ ಲ್ಯುಕೇಮಿಯಾ (ಎಪಿಎಲ್), ಸ್ಲೈಡಿನಲ್ಲಿ ಕಂಡರೆ ಮರೆಯುವಂಥದ್ದಲ್ಲ. ಕಣದ ತುಂಬ ದಟ್ಟ ನೇರಳೆಗೆಂಪು ಕಾಳುಗಳು. ಎಷ್ಟೋ ಸಲ ನ್ಯೂಕ್ಲಿಯಸ್‌ನ ಅಂಚೇ ಕಾಣದಷ್ಟು. ಕೆಲವು ಕಣಗಳಲ್ಲಿ ಆವರ್ ಕಡ್ಡಿ ಎಂಬ ಸೂಜಿಯಂಥ ರಚನೆಗಳು ಒಂದರ ಮೇಲೊಂದು ಬಿದ್ದಿರುತ್ತವೆ. ಸೌದೆಹೊರೆ ಎಂಬರ್ಥದ ಹೆಸರನ್ನೇ ಪ್ಯಾಥಾಲಜಿಸ್ಟರು ಆ ಕಣಕ್ಕೆ ಇಟ್ಟಿದ್ದಾರೆ. ಆದರೆ ಇದೇ ಕಾಯಿಲೆಗೆ ಇನ್ನೊಂದು ವೇಷವೂ ಇದೆ. ಅದರಲ್ಲಿ ಕಾಳುಗಳು ಮೈಕ್ರೋಸ್ಕೋಪಿಗೂ ಸಿಗದಷ್ಟು ಸಣ್ಣ. ನ್ಯೂಕ್ಲಿಯಸ್ ನಡುವೆ ಕಿವುಚಿದಂತೆ ಎರಡು ಭಾಗವಾಗಿರುತ್ತದೆ. ಅವಸರದಲ್ಲಿ ನೋಡಿದವರು ಮಾನೋಸೈಟ್ ಎಂದು ದಾಟಿಸಿಬಿಡಬಹುದು. ಎರಡೂ ವೇಷಗಳ ಹಿಂದೆ ಇರುವುದು ಅದೇ 15-17ರ ಅದಲುಬದಲು.

ಈ ಇಡೀ ಪ್ರಯತ್ನದ ಬಲವೂ ಇಲ್ಲಿದೆ, ದೌರ್ಬಲ್ಯವೂ ಇಲ್ಲೇ ಇದೆ. ಜೀನು ಗೊತ್ತಿದ್ದರೆ ಕಣ ಹೇಗಿರಬಹುದು ಎಂದು ಹೇಳುವುದು ಸುಲಭ. ಕಣ ನೋಡಿ ಜೀನು ಇಂಥದ್ದೇ ಎನ್ನುವುದು ಬೇರೆ ಮಾತು. 8 ಮತ್ತು 21ನೇ ಕ್ರೋಮೊಸೋಮುಗಳು ಅದಲುಬದಲಾದ ರೋಗಿಗಳ ಕಣ ಹೆಚ್ಚಾಗಿ ಎಂ2 ರೂಪದಲ್ಲಿರುತ್ತದೆ. ಆದರೆ ಎಂ2 ಎನಿಸಿಕೊಂಡವರಲ್ಲಿ ಬಹಳ ಮಂದಿಗೆ ಆ ದೋಷ ಇರುವುದಿಲ್ಲ. ಎನ್‌ಪಿಎಂ1 ಕೆಟ್ಟಾಗ ಕೆಲವು ಬ್ಲಾಸ್ಟ್ ಕಣಗಳ, ಅಂದರೆ ಬಲಿಯದ ಎಳೆಯ ಕಣಗಳ, ನ್ಯೂಕ್ಲಿಯಸ್ ಬಟ್ಟಲಿನಂತೆ ಒಳಕ್ಕೆ ಕುಸಿದಿರುತ್ತದೆ ಎಂಬುದು ಹಳೆಯ ತಿಳಿವಳಿಕೆ. ಆದರೆ ಎನ್‌ಪಿಎಂ1 ಕೆಟ್ಟ ಎಲ್ಲರಲ್ಲೂ ಬಟ್ಟಲು ಸಿಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2001ರಿಂದ ವರ್ಗೀಕರಣದಲ್ಲಿ ಜೀನುಗಳಿಗೆ ಮೊದಲ ಮಣೆ ಹಾಕಿದ್ದಕ್ಕೆ ಕಾರಣ ಇದೇ.

ಡ್ರೆಸ್ಡೆನ್ ತಂಡ 1,251 ಎಎಂಎಲ್ ರೋಗಿಗಳ ಮತ್ತು 236 ಆರೋಗ್ಯವಂತ ಮಜ್ಜೆ ದಾನಿಗಳ ಸ್ಮಿಯರ್ ಬಳಸಿತು. ಇದು ಸಣ್ಣ ಸಂಖ್ಯೆಯಲ್ಲ; ಅದಕ್ಕೆ ಮೆಚ್ಚುಗೆ ಸಲ್ಲಬೇಕು. ಎಎಂಎಲ್ ಹೌದೋ ಅಲ್ಲವೋ ಎಂಬುದಕ್ಕೆ ಸಿಕ್ಕ ಅಂಕ ಸುಮಾರು 0.97, ಎನ್‌ಪಿಎಂ1ಗೆ 0.92. ಈ ಅಳತೆಯಲ್ಲಿ 1 ಅಂದರೆ ಒಂದೂ ತಪ್ಪಿಲ್ಲ, 0.5 ಅಂದರೆ ಕುರುಡು ಊಹೆ.

ಮೊದಲನೆಯ ಅಂಕ ನನ್ನನ್ನು ಮೆಚ್ಚಿಸಲಿಲ್ಲ. ಆರೋಗ್ಯವಂತ ದಾನಿಯ ಮಜ್ಜೆಯನ್ನೂ ಬ್ಲಾಸ್ಟ್ ತುಂಬಿದ ಮಜ್ಜೆಯನ್ನೂ ಅಕ್ಕಪಕ್ಕ ಇಟ್ಟರೆ ಹೊಸ ವಿದ್ಯಾರ್ಥಿಯೂ ವ್ಯತ್ಯಾಸ ಹೇಳುತ್ತಾನೆ. ಆಸ್ಪತ್ರೆಯಲ್ಲಿ ಕಾಡುವ ಪ್ರಶ್ನೆ ಅದಲ್ಲ. ಬಿ12 ಕೊರತೆಯಿಂದ ಮಜ್ಜೆಯೆಲ್ಲ ಎಳೆಯ ಕಣಗಳಿಂದ ತುಂಬಿರುವವರು, ಕೀಮೋಥೆರಪಿ ಮುಗಿಸಿ ಈಗಷ್ಟೇ ಚಿಗುರುತ್ತಿರುವ ಮಜ್ಜೆ, ಮೈಲೋಡಿಸ್‌ಪ್ಲೇಸಿಯಾ ಎಂಬ ನೆರೆಯ ಕಾಯಿಲೆ: ಪ್ಯಾಥಾಲಜಿಸ್ಟ್ ತಲೆ ಕೆಡಿಸಿಕೊಳ್ಳುವುದು ಇವುಗಳ ಮುಂದೆ. ದಾನಿಗಳ ಜೊತೆ ಹೋಲಿಸಿದ ಅಂಕ ಅದಕ್ಕೆ ಉತ್ತರವಲ್ಲ.

ಎರಡನೆಯ ಅಂಕ ನಿಜಕ್ಕೂ ಕುತೂಹಲದ್ದು. ಚಿತ್ರದ ಯಾವ ಭಾಗ ಮುಚ್ಚಿದರೆ ಕಂಪ್ಯೂಟರ್ ತಡವರಿಸುತ್ತದೆ ಎಂದು ತಂಡ ಪರೀಕ್ಷಿಸಿತು. ಅದು ಆತುಕೊಂಡ ಗುರುತುಗಳು ಇವು: ಎನ್‌ಪಿಎಂ1 ಕೆಟ್ಟ ಕಣಗಳಲ್ಲಿ ಒತ್ತಾಗಿ ಗಟ್ಟಿಯಾದ ಕ್ರೊಮ್ಯಾಟಿನ್ ಮತ್ತು ನ್ಯೂಕ್ಲಿಯಸ್ ಸುತ್ತ ತಿಳಿಯಾದ ಅಂಚು. ಜೀನು ಸರಿಯಿದ್ದವರಲ್ಲಿ ಎದ್ದು ಕಾಣುವ ನ್ಯೂಕ್ಲಿಯೋಲಸ್, ಅಂದರೆ ನ್ಯೂಕ್ಲಿಯಸ್ ಒಳಗಿನ ಚುಕ್ಕೆ. ಮನುಷ್ಯರು ಇಷ್ಟು ವರ್ಷ ಬಟ್ಟಲನ್ನೇ ಹುಡುಕುತ್ತಿದ್ದರು. ಯಂತ್ರ ಪಕ್ಕದ ಬೇರೆಯದನ್ನು ನೋಡಿತು. ಪ್ರಬಂಧದಲ್ಲಿ ನನಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದಾಗಿ ಕಂಡದ್ದು ಈ ಭಾಗ. ಎನ್‌ಪಿಎಂ1 ಪ್ರೋಟೀನಿನ ನೆಲೆ ನ್ಯೂಕ್ಲಿಯೋಲಸ್ಸೇ. ಅದು ಕೆಟ್ಟಾಗ ಅಲ್ಲಿಂದ ಹೊರಬಿದ್ದು ಸೈಟೋಪ್ಲಾಸಂ ಸೇರುತ್ತದೆ. ಹಾಗಾಗಿ ಯಂತ್ರ ಕಂಡದ್ದು ಜೀವವಿಜ್ಞಾನಕ್ಕೂ ಒಪ್ಪುವಂತಿದೆ.

ಆದರೆ ಎನ್‌ಪಿಎಂ1 ದೋಷ ಬೆಳಕಿಗೆ ಬಂದ ಬಗೆಯನ್ನು ನೆನೆಯಬೇಕು. ಇಟಲಿಯ ಪೆರುಜಿಯಾದ ಬ್ರೂನಾಂಜೆಲೊ ಫಲೀನಿ ಮತ್ತು ಅವರ ತಂಡ ಮಜ್ಜೆಯ ತುಣುಕುಗಳಿಗೆ ಆಂಟಿಬಾಡಿ ಹಾಕಿ ನೋಡುವಾಗ, ನ್ಯೂಕ್ಲಿಯಸ್‌ನಲ್ಲಿ ಇರಬೇಕಾದ ಪ್ರೋಟೀನ್ ಹೊರಗೆ ಕಂಡಿತು. ಹಾಗೆ ಕಂಡದ್ದನ್ನು ಬೆನ್ನಟ್ಟಿ ಜೀನಿನ ದೋಷಕ್ಕೆ ತಲುಪಿ 2005ರಲ್ಲಿ ಪ್ರಕಟಿಸಿದರು. ರೂಪದಿಂದ ಜೀನಿಗೆ ಹೋಗುವ ದಾರಿಯನ್ನು ಮೈಕ್ರೋಸ್ಕೋಪು ಆಗಲೇ ಒಮ್ಮೆ ತುಳಿದಾಗಿದೆ. ಆ ಆಂಟಿಬಾಡಿ ಪರೀಕ್ಷೆ ಈಗಲೂ ಬಳಕೆಯಲ್ಲಿದೆ, ಜೀನ್ ಸೀಕ್ವೆನ್ಸಿಂಗ್‌ಗಿಂತ ಅಗ್ಗ. ಹೊಸ ವಿಧಾನವನ್ನು ಪಕ್ಕದಲ್ಲಿಟ್ಟು ಹೋಲಿಸಬೇಕಾದದ್ದು ಅದರ ಜೊತೆಗೆ.

0.92ರಿಂದ ರೋಗಿಗೆ ಏನು ಸಿಗುತ್ತದೆ? ಒಂದು ಲೆಕ್ಕ ಹಾಕೋಣ. ನೂರು ರೋಗಿಗಳಲ್ಲಿ 30 ಜನಕ್ಕೆ ದೋಷ ಇದೆ ಎನ್ನೋಣ. ಯಂತ್ರ ಎರಡೂ ಕಡೆ ಶೇಕಡಾ 85ರಷ್ಟು ಸರಿ ಹೇಳುತ್ತದೆ ಎಂದಿಟ್ಟುಕೊಳ್ಳೋಣ. ಸುಮಾರು 25 ಜನರನ್ನು ಸರಿಯಾಗಿ ಹಿಡಿಯುತ್ತದೆ. ದೋಷವಿಲ್ಲದ 70ರಲ್ಲಿ 10 ಜನಕ್ಕೆ ಇದೆ ಎಂದು ತಪ್ಪಾಗಿ ಹೇಳುತ್ತದೆ. ಅಂದರೆ ಅದು ಹೌದು ಎಂದ ಪ್ರತಿ ಏಳರಲ್ಲಿ ಎರಡು ಸುಳ್ಳು. ಎನ್‌ಪಿಎಂ1 ಕೆಟ್ಟು, ಎಫ್‌ಎಲ್‌ಟಿ3-ಐಟಿಡಿ ಎಂಬ ಇನ್ನೊಂದು ಜೀನ್ ದೋಷ ಇಲ್ಲದಿದ್ದರೆ ಕಾಯಿಲೆಯ ಗತಿ ಒಳ್ಳೆಯದೆಂದು ಎಣಿಸಿ, ಎಷ್ಟೋ ಸಲ ಮೊದಲ ಸುತ್ತಿನಲ್ಲೇ ಮಜ್ಜೆ ಕಸಿಗೆ ಹೋಗುವುದಿಲ್ಲ. ಹಾಗಿರುವಾಗ ಏಳರಲ್ಲಿ ಎರಡು ತಪ್ಪನ್ನು ಯಾವ ವೈದ್ಯ ಒಪ್ಪುತ್ತಾನೆ? ಮೇಲಾಗಿ, ಚಿಕಿತ್ಸೆಯ ನಂತರ ಉಳಿದ ಕಾಯಿಲೆಯನ್ನು ಪಿಸಿಆರ್‌ನಲ್ಲಿ ಅಳೆಯಲು ಆ ರೋಗಿಯ ಎನ್‌ಪಿಎಂ1 ದೋಷ ಯಾವ ಬಗೆಯದು ಎಂಬುದೂ ತಿಳಿಯಬೇಕು. ಅದನ್ನು ಯಾವ ಚಿತ್ರವೂ ಹೇಳಲಾರದು. ಜೀನ್ ಪರೀಕ್ಷೆ ಹೇಗೂ ಮಾಡಲೇಬೇಕು ಎಂದಾದ ಮೇಲೆ, ಅದರ ಬದಲಿಗೆ ಫೋಟೋ ಸಾಕು ಎನ್ನುವುದು ಮೂಗಿಗೆ ತುಪ್ಪ ಸವರಿದ ಮಾತು.

ಮ್ಯೂನಿಕ್ ತಂಡದ 2023ರ ಪ್ರಬಂಧ ಹೆಚ್ಚು ಪ್ರಾಮಾಣಿಕ ಅನಿಸಿತು. ಹೇರ್ ಮತ್ತು ಸಂಗಡಿಗರು 80 ಸಾವಿರಕ್ಕೂ ಹೆಚ್ಚು ಬಿಳಿ ರಕ್ತಕಣಗಳ ಚಿತ್ರ ಬಳಸಿ, ತೀರ್ಮಾನಕ್ಕೆ ಕಾರಣವಾದ ಕಣಗಳು ಯಾವುವು ಎಂದು ಯಂತ್ರವೇ ಎತ್ತಿ ತೋರಿಸುವಂತೆ ಮಾಡಿದರು. ಪ್ಯಾಥಾಲಜಿಸ್ಟ್ ಆ ಕಣಗಳನ್ನು ನೋಡಿ ಒಪ್ಪಬಹುದು, ಜಗಳಕ್ಕೂ ಇಳಿಯಬಹುದು. ಕೊರತೆ ಬೇರೆ ಕಡೆ ಇದೆ. ಅವರು ತೆಗೆದುಕೊಂಡದ್ದು ಎಪಿಎಲ್, ಎನ್‌ಪಿಎಂ1 ಸೇರಿ ನಾಲ್ಕು ಜೀನ್ ಗುಂಪುಗಳು, ಜೊತೆಗೆ ಆರೋಗ್ಯವಂತರು. ಟಿಪಿ53 ಎಂಬ ಬೇರೆ ಜೀನು ಕೆಟ್ಟ ರೋಗಿ ಬಂದರೆ? ಯಂತ್ರ ಅವನನ್ನೂ ಈ ಐದರಲ್ಲಿ ಒಂದಕ್ಕೆ ತುರುಕುತ್ತದೆ. ‘ನನಗೆ ಗೊತ್ತಿಲ್ಲ’ ಎನ್ನಲು ಅದಕ್ಕೆ ಕಲಿಸಿಲ್ಲ. ನಾಲ್ಕರಲ್ಲಿ ಒಂದಾದ 16ನೇ ಕ್ರೋಮೊಸೋಮಿನ ದೋಷವನ್ನೇ ನೋಡಿ: ಅದರ ಗುರುತಾದ ಕಪ್ಪು ಕಾಳಿನ ಇಯೋಸಿನೋಫಿಲ್ ಮಜ್ಜೆಯಲ್ಲಿ ಸಿಗುತ್ತದೆ, ರಕ್ತದಲ್ಲಿ ಸಿಗುವುದು ಅಪರೂಪ. ಬರೀ ರಕ್ತ ನೋಡುವ ಯಂತ್ರಕ್ಕೆ ಅಲ್ಲಿ ಕೈ ಕಟ್ಟಿದಂತೆಯೇ.

ಹಾಗಾದರೆ ಇದೆಲ್ಲ ಎಲ್ಲಿ ಉಪಯೋಗಕ್ಕೆ ಬರುತ್ತದೆ? ನನ್ನ ಉತ್ತರ ಒಂದೇ: ಎಪಿಎಲ್. ಈ ಕಾಯಿಲೆಯಲ್ಲಿ ರೋಗಿ ಸಾಯುವುದು ಹೆಚ್ಚಾಗಿ ಮೊದಲ ದಿನಗಳಲ್ಲಿ, ರಕ್ತಸ್ರಾವದಿಂದ. ಆ ದಿನಗಳನ್ನು ದಾಟಿದರೆ ಇದಕ್ಕಿಂತ ಚೆನ್ನಾಗಿ ಗುಣವಾಗುವ ಎಎಂಎಲ್ ಇಲ್ಲ. ವಿಟಮಿನ್ ಎ ಬಳಗದ ಔಷಧ ಎಟಿಆರ್‌ಎ ಮತ್ತು ಆರ್ಸೆನಿಕ್ ಸೇರಿದರೆ ಅಪಾಯ ಕಡಿಮೆಯಿರುವ ರೋಗಿಗಳಿಗೆ ಕೀಮೋಥೆರಪಿಯೇ ಬೇಡ ಎಂದು 2013ರ ಅಧ್ಯಯನ ತೋರಿಸಿತು. ಅನುಮಾನ ಬಂದ ಕೂಡಲೇ, ಜೀನ್ ವರದಿಗೆ ಕಾಯದೆ, ಎಟಿಆರ್‌ಎ ಕೊಡಬೇಕೆಂಬುದು ಒಪ್ಪಿತ ನಿಯಮ. ಸ್ಮಿಯರ್ ಒಂದು ಗಂಟೆಯಲ್ಲಿ ಸಿದ್ಧ. ರಾತ್ರಿ ಎರಡು ಗಂಟೆಗೆ, ರಕ್ತರೋಗ ತಜ್ಞರಿಲ್ಲದ ಊರಿನಲ್ಲಿ, ಆ ಅನುಮಾನ ಹುಟ್ಟಿಸುವವರು ಯಾರು? ಅಲ್ಲಿ ಯಂತ್ರಕ್ಕೆ ನಿಜವಾದ ಕೆಲಸ ಇದೆ, ತಪ್ಪಿದರೂ ನಷ್ಟ ಕಡಿಮೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ತಂಡ 2021ರಲ್ಲಿ ಎಪಿಎಲ್ ಒಂದನ್ನೇ ಗುರಿಯಾಗಿಟ್ಟು ಕೆಲಸ ಮಾಡಿದ್ದು ಈ ಕಾರಣಕ್ಕೆ ನನಗೆ ಹೆಚ್ಚು ಸರಿ ಕಾಣುತ್ತದೆ. ಇಂಥ ಪ್ರಬಂಧ ಓದುವವರು ಒಂದು ಪ್ರಶ್ನೆ ಕೇಳಲೇಬೇಕು: ಕಾಳು ಕಾಣದ ಆ ಎರಡನೆಯ ವೇಷದ ರೋಗಿಗಳಲ್ಲಿ ಅಂಕ ಎಷ್ಟು? ಕಾಳು ತುಂಬಿದ ಎಪಿಎಲ್ ಹಿಡಿಯಲು ಅನುಭವಿ ಕಣ್ಣೇ ಸಾಕು.

ಕೊನೆಗೆ ಬಣ್ಣದ ವಿಷಯ. ಜರ್ಮನ್ ಪ್ರಯೋಗಾಲಯಗಳ ಸ್ಲೈಡುಗಳಿಗೆ ಸಾಮಾನ್ಯವಾಗಿ ಹಾಕುವುದು ಪಾಪೆನ್‌ಹೈಮ್ ವಿಧಾನದ ಬಣ್ಣ. ನಮ್ಮ ಬಹುಪಾಲು ಲ್ಯಾಬುಗಳಲ್ಲಿ ಲೀಶ್ಮನ್ ಸ್ಟೇನ್. ಬಫರಿನ ಪಿಎಚ್ ಸ್ವಲ್ಪ ಏರುಪೇರಾದರೂ ಅದೇ ಕಣ ಒಂದು ದಿನ ನೀಲಿಗೆ, ಇನ್ನೊಂದು ದಿನ ಗುಲಾಬಿಗೆ ವಾಲುತ್ತದೆ. ಕ್ರೊಮ್ಯಾಟಿನ್‌ನ ಗಟ್ಟಿತನ, ನ್ಯೂಕ್ಲಿಯಸ್ ಸುತ್ತಲಿನ ತಿಳಿ ಅಂಚಿನಂಥ ನವಿರು ಗುರುತುಗಳನ್ನು ನಂಬಿದ ಯಂತ್ರ ಇದನ್ನು ತಾಳುತ್ತದೆಯೇ ಎಂದು ಇಲ್ಲಿಯ ಸ್ಲೈಡುಗಳ ಮೇಲೆ ನೋಡಿಯೇ ಹೇಳಬೇಕು. ಮ್ಯೂನಿಕ್‌ನವರು ತಮ್ಮ ಕಣಚಿತ್ರಗಳನ್ನು ಕ್ಯಾನ್ಸರ್ ಇಮೇಜಿಂಗ್ ಆರ್ಕೈವ್‌ನಲ್ಲಿ ಎಲ್ಲರಿಗೂ ತೆರೆದಿಟ್ಟಿದ್ದಾರೆ. ಹಳೆಯ ಎಪಿಎಲ್ ಸ್ಲೈಡುಗಳನ್ನು ಕಪಾಟಿನಲ್ಲಿ ಇಟ್ಟುಕೊಂಡಿರುವ ನಮ್ಮ ವೈದ್ಯಕೀಯ ಕಾಲೇಜುಗಳ ಪ್ಯಾಥಾಲಜಿ ವಿಭಾಗಗಳು ಈ ಪರೀಕ್ಷೆಯನ್ನು ಕೈಗೆತ್ತಿಕೊಳ್ಳಲಿ.