ಕಪ್ಪಿನೊಳಗಿನ ಎಳೆಗಳು

ಹಿಮ್ಮಡಿಯ ಮೇಲಿನ ಅಕಿಲಿಸ್ ಸ್ನಾಯುರಜ್ಜು ಎಂಆರ್‌ಐ ಚಿತ್ರದಲ್ಲಿ ಕಾಡಿಗೆ ತೀಡಿದಂಥ ಒಂದು ಕಪ್ಪು ಪಟ್ಟಿ, ಅಷ್ಟೆ. ಪಕ್ಕದ ಕೊಬ್ಬು ಬೆಳ್ಳಗೆ ಹೊಳೆಯುತ್ತಿದ್ದರೂ ಇದು ತುಟಿಪಿಟಕ್ಕೆನ್ನುವುದಿಲ್ಲ. ಒಳಗೆ ನೀರಿಲ್ಲವೆಂದಲ್ಲ; ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ. ಆದರೆ ಒತ್ತೊತ್ತಾಗಿ ಸಾಲುಗಟ್ಟಿದ ಕೊಲಾಜೆನ್ ಎಳೆಗಳ ನಡುವೆ ಸಿಕ್ಕಿಕೊಂಡ ಆ ನೀರಿನ ದನಿ ಕೆಲವೇ ಮಿಲಿಸೆಕೆಂಡುಗಳಲ್ಲಿ ಅಡಗಿಬಿಡುತ್ತದೆ. ಯಂತ್ರ ಕಿವಿಗೊಡುವ ಹೊತ್ತಿಗೆ ಮಾತು ಮುಗಿದಿರುತ್ತದೆ.

ಇದಕ್ಕೆ ಕಂಡುಕೊಂಡ ಉಪಾಯ ನೋಡಿ: ರೇಡಿಯೊ ಅಲೆಯಿಂದ ತಟ್ಟಿ, 0.1 ಮಿಲಿಸೆಕೆಂಡು ಕಳೆಯುವ ಮೊದಲೇ ಕೇಳತೊಡಗುವುದು! ಆಗ ಮೂಕ ಪಟ್ಟಿ ಬಾಯಿಬಿಡುತ್ತದೆ. ಸೂಕ್ಷ್ಮ ಚಿತ್ರಗಳಲ್ಲಿ ಎಳೆಗಳ ಕಟ್ಟುಗಳು, ಅವುಗಳ ನಡುವಿನ ತೆಳು ಪೊರೆಗಳು ನೇಯ್ದ ಬಟ್ಟೆಯ ಅಂಚಿನಂತೆ ತೋರುತ್ತವೆ.

ಇನ್ನೊಂದು ಸೋಜಿಗವಿದೆ. ಎಳೆಗಳು ಕಾಂತಕ್ಷೇತ್ರಕ್ಕೆ ಸುಮಾರು 55 ಡಿಗ್ರಿ ಓರೆಯಾದರೆ ಆರೋಗ್ಯವಾಗಿರುವ ರಜ್ಜುವೂ ಬೆಳಗುತ್ತದೆ. ವಿಜ್ಞಾನಿಗಳೇ ಇದನ್ನು 'ಮ್ಯಾಜಿಕ್ ಕೋನ' ಎನ್ನುತ್ತಾರೆ (ಭೌತವಿಜ್ಞಾನಕ್ಕೂ ಒಮ್ಮೊಮ್ಮೆ ರಸಿಕತೆ ಬರುತ್ತದೆ). ಭುಜದಲ್ಲಿ ರಜ್ಜು ಬಾಗುವೆಡೆ ಈ ಬೆಳಕು ಗಾಯದಂತೆಯೇ ಕಂಡು ಮೋಸಮಾಡುತ್ತದೆ. ನುರಿತ ರೇಡಿಯಾಲಜಿಸ್ಟ್ ಅವಸರಪಡುವುದಿಲ್ಲ. ಯಂತ್ರ ತುಸು ತಡವಾಗಿ ಕಿವಿಗೊಟ್ಟು ತೆಗೆದ ಚಿತ್ರವನ್ನು ಪಕ್ಕಕ್ಕಿಟ್ಟು ನೋಡುತ್ತಾರೆ. ಓರೆಯಿಂದ ಹುಟ್ಟಿದ ಹೊಳಪಾದರೆ ಅಲ್ಲಿ ಮಾಸಿರುತ್ತದೆ, ಹರಿದ ಜಾಗವಾದರೆ ಹೊಳೆಯುತ್ತಲೇ ಇರುತ್ತದೆ. ಸಂಶೋಧಕರಂತೂ ಆ ಮೋಸವನ್ನೇ ದೀಪ ಮಾಡಿಕೊಂಡಿದ್ದಾರೆ: ಒಳರಚನೆ ಕಾಣಲೆಂದೇ ರಜ್ಜುವನ್ನು ಬೇಕೆಂದು ಆ ಕೋನಕ್ಕೆ ಓರೆಯಾಗಿಸಿ ಇಡುತ್ತಾರೆ.